ನೈವೇದ್ಯಕ್ಕಿಟ್ಟ ಅಮೆರಿಕದ ಮಿಠಾಯಿ

ನನ್ನ ನಾದಿನಿಯ ಮಗಳು ಅಮೆರಿಕದಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಮಸ್ಕತ್ತಿನ ನಮ್ಮ ಮನೆಯಲ್ಲಿ ಎರಡು ದಿನ ಇದ್ದು ಹೋದಳು. ಅವಳು ಹೋದ ಮೇಲೆ ಅವಳು ಮಲಗಿದ್ದ ಕೋಣೆಯನ್ನು ನಾನು ಮೂರು ಸಲ ಒರೆಸಿದೆ. ಫಿನಾಯಿಲ್ ಹಾಕಿ. ನೆಲದ ಮೇಲೆ ಎಂತದೂ ಇರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಒರೆಸಿದೆ. ಹೇಸಿಗೆ ಎನ್ನುವುದು ನೆಲದ ಮೇಲೆಯೇ ಇರಬೇಕೆಂದು ಇಲ್ಲ.

ನಾನಿರುವುದು ಮಗಳ ಮನೆಯಲ್ಲಿ, ಅಲ್ ಹೈಲ್‌ನಲ್ಲಿ. ಅಳಿಯ ಘಟ್ಟದ ಮೇಲಿನವನು, ಮೈಸೂರಿನ ಕಡೆಯವನು. ದೊಡ್ಡ ಕಟ್ಟಡಗಳಿಗೆ ಎಸಿ ಹಾಕುವ ಕಂಪನಿಯಲ್ಲಿ ಎಂಜಿನಿಯರ್. ಅವನ ಕೆಲಸ ಇದ್ದರೆ ಇಲ್ಲಿ ಇರಲು ಅವನ ಕಾರ್ಡು, ಅವನ ಕಾರ್ಡು ಇದ್ದರೆ ನನ್ನ ಮಗಳ ಕಾರ್ಡು, ಮೊಮ್ಮಗಳ ಶಾಲೆ, ನನ್ನ ವೀಸಾ. ನಾಲ್ಕು ಜನ ಒಂದೇ ಮೊಳೆಗೆ ನೇತುಬಿದ್ದಿದ್ದೇವೆ. ಇಲ್ಲಿ ಬಂದು ನೆಲೆಸಿದವರೆಲ್ಲರ ಕಥೆಯೂ ಅದೇ. ಹಾಗಾಗಿ ನಾವು ಜೋರಾಗಿ ಜಗಳ ಕೂಡ ಮಾಡುವುದಿಲ್ಲ. ಸಿಗ್ನಲ್ ಹಳದಿಯಾದಾಗಲೇ ಅಳಿಯ ಗಾಡಿ ನಿಲ್ಲಿಸುತ್ತಾನೆ.

ಅವಳು ಬಂದದ್ದು ಗುರುವಾರ ಸಂಜೆ. ವಯಸ್ಸು ಐವತ್ತು ದಾಟಿದೆ, ಕೂದಲು ಕತ್ತರಿಸಿಕೊಂಡಿದ್ದಾಳೆ, ಮಾತು ಮಾತ್ರ ನಮ್ಮ ಊರಿನದ್ದೇ. ನನ್ನನ್ನು ಮಾಮಿ ಎಂದು ಕರೆಯುವವರಲ್ಲಿ ಅವಳೊಬ್ಬಳೇ ಉಳಿದಿರುವುದು. ಬಂದವಳು ಒಂದು ದೊಡ್ಡ ಬಟ್ಟೆಯ ಚೀಲವನ್ನು ನನ್ನ ಮಡಿಲಿಗೆ ಹಾಕಿದಳು. ‘ಎಲ್ಲ ಮಕ್ಕಳಿಗೆ ಮಾಮಿ, ಚಾಕಲೇಟು, ಮಿಠಾಯಿ’ ಎಂದಳು. ನನಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಊಟಕ್ಕೆ ಕೂತಾಗ ಅವಳ ಅಮೆರಿಕದ ಸುದ್ದಿ ಶುರುವಾಯಿತು.

‘ನಮ್ಮ ಸ್ಟೇಟಿನಲ್ಲಿ ಈಗ ಅದು ಲೀಗಲ್ ಮಾಮಿ. ಚಿನ್ನದಂಗಡಿಯ ಹಾಗೆ ಅಂಗಡಿ. ಗಾಜು, ಲೈಟು, ಕೂತುಕೊಳ್ಳಲಿಕ್ಕೆ ಸೋಫಾ.’

‘ಯಾವುದಕ್ಕೆ?’

‘ಗಾಂಜಾಕ್ಕೆ.’

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವಳು ನಕ್ಕಳು. ‘ನೀವು ಹಾಗೆ ನೋಡ್ಬೇಡಿ ಮಾರಾಯ್ರೆ. ಸ್ಟೇಟಿನವರು ಆಗಬಹುದು ಅಂತಾರೆ. ಫೆಡರಲಿನವರು ಆಗುದಿಲ್ಲ ಅಂತಾರೆ.’

‘ಫೆಡರಲ್ ಅಂದ್ರೆ ಯಾರು?’

‘ನಮ್ಮ ದಿಲ್ಲಿಯ ಹಾಗೆ ಅಂತ ಇಟ್ಕೊಳ್ಳಿ.’

‘ಹಾಗಾದ್ರೆ ದಿಲ್ಲಿಯವರು ಬಂದು ಹಿಡ್ಕೊಂಡು ಹೋಗುದಿಲ್ವಾ?’

‘ಹಿಡಿಬಹುದು. ಆದ್ರೆ ಹಿಡಿಯುದಿಲ್ಲ. ಈಗ ಅವರೂ ಅದನ್ನು ದೊಡ್ಡ ವಿಷದ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಇಳಿಸುವ ಮಾತಾಡ್ತಾ ಇದ್ದಾರೆ. ಕಾರಿನಲ್ಲಿ ಪಕ್ಕದ ಸ್ಟೇಟಿಗೆ ತಗೊಂಡು ಹೋದ್ರೆ ಮಾತ್ರ ತಪ್ಪು.’

‘ಅಂದ್ರೆ ನಮ್ಮ ಕೇರಳ ಗಡಿಯ ತಲಪಾಡಿ ಗೇಟಿನ ಹಾಗೆ, ಈಚೆ ಮದ್ದು, ಆಚೆ ವಿಷ. ಗೇಟು ದಾಟುವಾಗ ಹೊಟ್ಟೆಯಲ್ಲಿರುವುದು ಎಂತ?’

ಅಳಿಯ ನಗಲಿಲ್ಲ. ಎದ್ದು ಹೋಗಿ ಬಾಲ್ಕನಿಯ ಬಾಗಿಲು ಹಾಕಿ ಬಂದ. ‘ಅಕ್ಕ, ಇಲ್ಲಿ ಈ ಮಾತು ಹೊರಗಡೆ ಆಡ್ಬೇಡಿ. ಒಂದು ಚೂರು ಸಿಕ್ಕಿದ್ರೂ ಖಲಾಸ್. ಜೈಲು. ಆಮೇಲೆ ವಿಮಾನ ಹತ್ತಿಸಿ ಕಳಿಸ್ತಾರೆ, ಮತ್ತೆ ಈ ಕಡೆ ಕಾಲಿಡೋ ಹಾಗಿಲ್ಲ.’

‘ಗೊತ್ತುಂಟು ಮಾರಾಯ. ನಂಗೆ ಮರ್ಲಾ?’ ಎಂದಳು ಅವಳು. ಮರ್ಲು ಎಂದರೆ ನಮ್ಮಲ್ಲಿ ಹುಚ್ಚು. ಆ ಮಾತನ್ನು ನಾನು ಹಾಗೆಯೇ ನಂಬಿದೆ.

ನಮ್ಮ ಮನೆಯಲ್ಲಿ ಬಂಗಿ, ಅಂದರೆ ಗಾಂಜಾ, ಎನ್ನುವುದು ಬೈಗುಳದ ಮಾತಾಗಿತ್ತು. ನನ್ನ ದೊಡ್ಡಪ್ಪ ಸೇದುತ್ತಿದ್ದ. ನಾನು ನಾಲ್ಕನೆಯ ಕ್ಲಾಸು ಬಿಟ್ಟ ವರ್ಷ ಒಂದು ಕರು ನಮ್ಮ ಬಾವಿಗೆ ಬಿತ್ತು. ದೊಡ್ಡಪ್ಪ ಬಾವಿಕಟ್ಟೆಯಲ್ಲೇ ಕೂತಿದ್ದ. ಕರು ಕೆಳಗೆ ಕೂಗುತ್ತಿತ್ತು, ಇವನು ಮೇಲೆ ನಗುತ್ತಿದ್ದ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾವು ಗದ್ದೆಯಿಂದ ಓಡಿ ಬರುವಷ್ಟರಲ್ಲಿ ಕೂಗು ನಿಂತಿತ್ತು, ನಗು ನಿಂತಿರಲಿಲ್ಲ. ಮುಂದೆ ಯಾರು ಎಷ್ಟು ದೊಡ್ಡ ಕಾನೂನು ಓದಿ ಹೇಳಿದರೂ ನನಗೆ ಕಾಣುವುದು ಆ ಬಾಯಿ, ಅದರೊಳಗಿನ ಹಲ್ಲು.

ಶುಕ್ರವಾರ ಇಲ್ಲಿ ರಜೆ. ಅಳಿಯ ಮಗಳು ತಡವಾಗಿ ಏಳುತ್ತಾರೆ. ನಾದಿನಿಯ ಮಗಳಿಗೆ ಅಲ್ಲಿಯ ರಾತ್ರಿ ಇಲ್ಲಿಯ ಹಗಲಂತೆ, ಅವಳು ಬಾಗಿಲು ಹಾಕಿಕೊಂಡು ಮಲಗಿದ್ದಳು. ನಾನು ಸ್ನಾನ ಮಾಡಿ ದೀಪ ಹಚ್ಚಿದೆ. ಹೊರಗಿನಿಂದ ಯಾರೇ ಸಿಹಿ ತರಲಿ, ಮೊದಲು ದೇವರ ಮುಂದೆ ಇಟ್ಟೇ ನಾವು ಬಾಯಿಗೆ ಹಾಕುವುದು. ಬೇಕರಿಯ ಕೇಕಾದರೂ ಅಷ್ಟೆ, ಪಕ್ಕದ ಮನೆಯ ಒಮಾನಿ ಹೆಂಗಸು ಈದಿಗೆ ಕೊಡುವ ಹಲ್ವವಾದರೂ ಅಷ್ಟೆ. ಚೀಲ ಬಿಚ್ಚಿದೆ. ಚಾಕಲೇಟು ಹೆಚ್ಚಿನದ್ದೆಲ್ಲ ಕರಗಿ ಒಂದಕ್ಕೊಂದು ಅಂಟಿತ್ತು. ಅದನ್ನು ದೇವರಿಗೆ ಇಡುವುದು ಹೇಗೆ? ಅವುಗಳ ನಡುವೆ ಒಂದು ಬಿಳಿ ಡಬ್ಬಿ ಇತ್ತು, ಮೇಲೆ ಮಾವಿನ ಹಣ್ಣಿನ ಚಿತ್ರ. ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ನನಗೆ ಓದಲು ಬರುವುದು ಕನ್ನಡ ಮಾತ್ರ, ಅದೂ ಕನ್ನಡಕ ಹಾಕಿದರೆ.

ಮುಚ್ಚಳ ತಿರುಗಿಸಿದರೆ ಬರಲಿಲ್ಲ. ನನ್ನ ಬಿಪಿ ಮಾತ್ರೆಯ ಡಬ್ಬಿಯೂ ಹಾಗೆಯೇ, ಒತ್ತಿ ತಿರುಗಿಸಬೇಕು. ಒತ್ತಿ ತಿರುಗಿಸಿದೆ. ಮಿಠಾಯಿಗೆ ಇಷ್ಟು ಕಾವಲು ಯಾಕಪ್ಪ ಎಂದು ಒಂದು ಕ್ಷಣ ಅನಿಸಿತು. ಅಮೆರಿಕದವರು ಎಲ್ಲದಕ್ಕೂ ಹೀಗೇ ಇರಬೇಕು ಎಂದುಕೊಂಡೆ. ಒಳಗೆ ಸಕ್ಕರೆ ಹಚ್ಚಿದ ಹಳದಿ ರಬ್ಬರಿನಂಥ ಮಿಠಾಯಿ. ನಾಲ್ಕನ್ನು ಬೆಳ್ಳಿ ಬಟ್ಟಲಿಗೆ ಹಾಕಿ ಗಣಪತಿಯ ಮುಂದೆ ಇಟ್ಟು, ಕೈ ಮುಗಿದು, ಗಂಟೆ ಆಡಿಸಿದೆ.

ಗಂಟೆ ಕೇಳಿ ಮೊಮ್ಮಗಳು ಓಡಿ ಬಂದಳು. ಎಂಟು ವರ್ಷ. ಒಂದನ್ನು ಅವಳ ಕೈಗೆ ಕೊಟ್ಟೆ, ಒಂದನ್ನು ನಾನು ಬಾಯಿಗೆ ಹಾಕಿಕೊಂಡೆ. ಅವಳು ಒಂದು ಸಲ ಜಗಿದು ಮುಖ ಸೊಟ್ಟ ಮಾಡಿದಳು.

‘ಯಕ್, ಅಜ್ಜಿ! ಇಟ್ ಸ್ಮೆಲ್ಸ್ ಲೈಕ್ ಶೂಸ್!’

‘ಪ್ರಸಾದಕ್ಕೆ ಹಾಗೆಲ್ಲ ಹೇಳ್ಬಾರ್ದು.’

‘ನೋ, ಅಜ್ಜಿ’ ಎಂದವಳೇ ನನ್ನ ಅಂಗೈಗೆ ಉಗಿದಳು. ಓಡಿ ಹೋಗಿ ಬಾಯಿ ತೊಳೆದುಕೊಂಡಳು.

ವಾಸನೆ ನನಗೂ ಬಂದಿತ್ತು. ಹಸಿ ಹುಲ್ಲಿನ ಕಮಟು. ಆದರೆ ದೇವರ ಮುಂದೆ ಇಟ್ಟದ್ದನ್ನು ಕಸದ ಡಬ್ಬಿಗೆ ಹಾಕುವುದುಂಟಾ? ಮೊಮ್ಮಗಳ ಎಂಜಲು ಅಜ್ಜಿಗೆ ಎಂಜಲೇ ಅಲ್ಲ. ಅವಳು ಉಗಿದದ್ದನ್ನೂ ನಾನು ಬಾಯಿಗೆ ಹಾಕಿಕೊಂಡು ನುಂಗಿದೆ. ಅಲ್ಲಿಗೆ ಎರಡಾಯಿತು. ಕೊಟ್ಟದ್ದನ್ನು ತಿನ್ನದ ಕೆಟ್ಟ ಬಾಯಿಯ ಹುಡುಗಿ ಎಂದು ಅವಳಿಗೆ ನಾನು ಎಷ್ಟೋ ಸಲ ಬೈದಿದ್ದೇನೆ. ಈಗ ಬೈಯುವುದಿಲ್ಲ.

ಒಂದೂವರೆ ಗಂಟೆ ಎಂತದೂ ಇಲ್ಲ. ತೆಂಗಿನಕಾಯಿ ತುರಿಯುತ್ತಾ ಕೂತಿದ್ದೆ. ತುರಿದ ಕಾಯಿ ಬಟ್ಟಲಿಗೆ ಬೀಳುವುದು ನಿಧಾನವಾಯಿತು. ನಂತರ ನನ್ನ ಕೈ ನನ್ನದಲ್ಲ ಅನಿಸಿತು. ಮಸೀದಿಯಲ್ಲಿ ಶುಕ್ರವಾರದ ಬಾಂಗು ಶುರುವಾಯಿತು. ದಿನಾ ಕೇಳುವ ಬಾಂಗು, ಅದನ್ನು ಕೇಳಿಯೇ ನಾನು ಅನ್ನಕ್ಕೆ ಇಡುವುದು. ಆ ದಿನ ಅದು ಮುಗಿಯಲೇ ಇಲ್ಲ, ಎಳೆದು ಎಳೆದು ನನ್ನ ಕಿವಿಯೊಳಗೆ ಸುತ್ತಿಕೊಂಡಿತು. ಎದೆ ಹೊಡೆದುಕೊಳ್ಳುವುದು ಗಂಟಲಿನಲ್ಲಿ ಕೇಳಿಸುತ್ತಿತ್ತು. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತು. ನೆಲಕ್ಕೆ ಜಾರಿ ಕೂತೆ.

ಮಗಳು ಬಂದು ನೋಡಿದಳು. ‘ಅಮ್ಮ! ಎಂತಾಯ್ತಮ್ಮ? ಎಂತ ತಿಂದೆ?’

‘ದೋಸೆ. ಮಾತ್ರೆ. ಪ್ರಸಾದ.’

‘ಎಂತ ಪ್ರಸಾದ?’

ಮೊಮ್ಮಗಳು ದೇವರ ಕಪಾಟಿನ ಕೆಳಗಿಂದ ಬಿಳಿ ಡಬ್ಬಿ ತಂದು ಕೊಟ್ಟಳು. ಮಗಳು ಅದರ ಹಿಂದಿನ ಸಣ್ಣ ಅಕ್ಷರ ಓದಿದಳು. ಓದುತ್ತಾ ಅವಳ ಮುಖ ಸುಣ್ಣದ ಬಣ್ಣವಾದದ್ದು ನನಗೆ ಕಂಡಿತು. ಮೊದಲು ಮೊಮ್ಮಗಳ ಗಲ್ಲ ಹಿಡಿದು ಬಾಯಿ ತೆರೆಸಿದಳು. ‘ನೀನು ನುಂಗಿದ್ಯಾ? ನಿಜ ಹೇಳು.’

‘ಐ ಸ್ಪಿಟ್ ಇಟ್ ಔಟ್, ಮಮ್ಮಿ. ಅಜ್ಜಿ ಏಟ್ ಮೈನ್ ಆಲ್ಸೋ.’

ಅಷ್ಟರಲ್ಲಿ ಗದ್ದಲಕ್ಕೆ ಎಚ್ಚರವಾಗಿ ನಾದಿನಿಯ ಮಗಳು ನೈಟಿಯಲ್ಲಿ ಹೊರಗೆ ಬಂದಳು. ನನ್ನನ್ನು ನೋಡಲಿಲ್ಲ, ಡಬ್ಬಿಯನ್ನು ನೋಡಿದಳು. ‘ಅಯ್ಯೋ, ಅದು ಆ ಚೀಲದಲ್ಲೇ ಉಳಿದಿತ್ತಾ? ನಿನ್ನೆಯೇ ತೆಗೆದಿಡ್ಬೇಕಿತ್ತು.’

ನನ್ನ ತಲೆ ತಿರುಗುತ್ತಿತ್ತು, ಆದರೆ ಕಿವಿ ಸರಿಯಾಗಿ ಕೇಳಿಸುತ್ತಿತ್ತು. ಅದು ಚೀಲಕ್ಕೆ ತಪ್ಪಿ ಬಿದ್ದದ್ದಲ್ಲ. ಏರ್‌ಪೋರ್ಟಿನಲ್ಲಿ ಕಣ್ಣಿಗೆ ಬೀಳಬಾರದೆಂದು ಮಕ್ಕಳ ಚಾಕಲೇಟಿನ ನಡುವೆ ಅಡಗಿಸಿ ತಂದದ್ದು. ಆ ಚೀಲವನ್ನು ತಂದು ನನ್ನ ಮಡಿಲಿಗೆ ಹಾಕಿದ್ದು.

‘ಮಾಮಿಗೆ ಎಂತ ಆಗುದಿಲ್ಲ’ ಎಂದಳು. ‘ಅದರಿಂದ ಯಾರೂ ಸಾಯುದಿಲ್ಲ. ನೀರು ಕುಡಿಸಿ ಮಲಗಿಸು. ಶಿವನಿಗೆ ಪ್ರಿಯವಾದದ್ದು ಮಾಮಿ, ಅಲ್ವಾ?’ ಎಂದು ನಗಿಸಲು ನೋಡಿದಳು.

‘ನಮ್ಮ ಕಪಾಟಿನಲ್ಲಿ ಇರುದು ಗಣಪತಿ’ ಎಂದೆ. ನಾಲಗೆ ದಪ್ಪವಾಗಿತ್ತು, ಆದರೂ ಹೇಳಿದೆ.

ಮಗಳು ಬಿಪಿ ಮೆಷಿನು ತಂದು ತೋಳಿಗೆ ಕಟ್ಟಿದಳು. ಮೆಷಿನಿನಲ್ಲಿ ಏನು ಬಂತೋ, ಅವಳು ಗಂಡನ ಕಡೆ ತಿರುಗಿ ‘ರೀ, ಆಸ್ಪತ್ರೆಗೆ ಕರ್ಕೊಂಡು ಹೋಗುವಾ’ ಎಂದಳು.

ಅಳಿಯ ಬಾಗಿಲ ಹತ್ತಿರ ಕಾರಿನ ಕೀ ಹಿಡಿದು ನಿಂತಿದ್ದ. ನಿಂತೇ ಇದ್ದ.

‘ರಕ್ತ ಪರೀಕ್ಷೆ ಮಾಡಿದ್ರೆ?’ ಎಂದ.

‘ಮಾಡ್ಲಿ.’

‘ಎಲ್ಲಿಂದ ಬಂತು ಅಂತ ಕೇಳಿದ್ರೆ?’

ಮನೆ ಅವನ ಹೆಸರಿನಲ್ಲಿದೆ. ತಿಂದವಳು ಅವನ ಅತ್ತೆ. ತಂದವಳು ಅವನ ಮನೆಯ ಅತಿಥಿ. ಹಿಡಿಯಲು ಬಂದವರು ಮೊದಲು ಹಿಡಿಯುವುದು ಅವನನ್ನೇ.

ಅವನು ಅಲ್ಲಿ ನಿಂತ ಹೊತ್ತು ಎಷ್ಟೆಂದು ನನಗೆ ಗೊತ್ತಿಲ್ಲ. ಆ ತಲೆಯಲ್ಲಿ ಅರ್ಧ ದಿನದಂತೆ ಕಂಡಿತು. ಮಗಳು ಆಮೇಲೆ ಒಂದು ನಿಮಿಷವೂ ಇರಲಿಲ್ಲಮ್ಮ ಎಂದಳು. ಇರಬಹುದು. ನಾನು ನೋಡಿದ್ದು ನೋಡಿಯಾಗಿತ್ತು. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದು ಬರೆದರೆ ಅದು ಸುಳ್ಳು. ಬಂತು. ನಾನು ನೆಲದ ಮೇಲೆ ಬಿದ್ದಿದ್ದೇನೆ, ಇವನು ಲೆಕ್ಕ ಹಾಕುತ್ತಿದ್ದಾನೆ. ಆದರೆ ಅವನು ಹಾಕುತ್ತಿದ್ದ ಲೆಕ್ಕದಲ್ಲಿ ನನ್ನ ಮಗಳೂ ಇದ್ದಳು, ಮೊಮ್ಮಗಳೂ ಇದ್ದಳು. ಅದೂ ನನಗೆ ಗೊತ್ತಿತ್ತು.

ಕೊನೆಗೆ ಅವನು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ‘ನಡೀರಿ ಅತ್ತೆ, ಹೋಗೋಣ. ಆಗಿದ್ದಾಗ್ಲಿ.’

‘ಬೇಡ’ ಎಂದೆ.

ನನಗೆ ಹೋಗಬೇಕಿತ್ತು. ಸಾಯುತ್ತೇನೆ ಎಂದು ಖಂಡಿತವಾಗಿ ಅನಿಸಿತ್ತು. ಬೇಡ ಎಂದದ್ದು ತ್ಯಾಗಕ್ಕಲ್ಲ, ಯಾರೂ ಹಾಗೆ ತಿಳಿಯುವುದು ಬೇಡ. ಅಲ್ಲಿ ಡಾಕ್ಟರು ಕೇಳುತ್ತಾರೆ, ಆಮೇಲೆ ಪೊಲೀಸರು ಕೇಳುತ್ತಾರೆ. ಬೇರೆ ದಿನವಾದರೆ ನನಗೆ ಸುಳ್ಳು ಹೇಳಲು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆ ತಲೆಯಲ್ಲಿ ಬರುತ್ತಿರಲಿಲ್ಲ. ಚೀಲ, ಚಾಕಲೇಟು, ಗಂಟೆ, ಎಲ್ಲ ಹೇಳಿಬಿಡುತ್ತಿದ್ದೆ.

‘ಮೆಷಿನು ನೋಡ್ತಾ ಇರು’ ಎಂದೆ ಮಗಳಿಗೆ. ‘ಇನ್ನೂ ಮೇಲೆ ಹೋದ್ರೆ ಹೋಗುವಾ. ಇಲ್ಲದಿದ್ರೆ ಇಲ್ಲೇ.’

ಮಗಳು ನನ್ನ ತೋಳಿಗೆ ಆ ಪಟ್ಟಿ ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು. ಅಳಿಯ ಕೀ ಜೇಬಿಗೆ ಹಾಕದೆ ಕೈಯಲ್ಲೇ ಹಿಡಿದು ಪಕ್ಕದಲ್ಲಿ ಕೂತಿದ್ದ. ನನ್ನನ್ನು ಮಲಗಿಸಿದ ಮಂಚ ದೋಣಿಯ ಹಾಗೆ ಅಲುಗಾಡುತ್ತಿತ್ತು. ಎರಡು ಸಲ ವಾಂತಿ ಮಾಡಿದೆ. ಒಮ್ಮೆ ನನಗೇ ಗೊತ್ತಿಲ್ಲದೆ ನಗು ಬಂತು. ನಗಲು ಎಂತ ಕಾರಣವೂ ಇರಲಿಲ್ಲ. ನನ್ನ ಬಾಯಿಯಿಂದ ಆ ನಗು ಹೊರಟಾಗ ನನಗಾದಷ್ಟು ಅಸಹ್ಯ ಬದುಕಿನಲ್ಲಿ ಬೇರೆ ಯಾವುದರಿಂದಲೂ ಆಗಿಲ್ಲ. ಅಂಗೈಯಿಂದ ಬಾಯಿ ಮುಚ್ಚಿಕೊಂಡೆ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಎದೆ ತನ್ನ ಜಾಗಕ್ಕೆ ಬಂತು. ಗಂಜಿ ಕುಡಿದೆ. ಎದ್ದು ಕೂತು ನಾದಿನಿಯ ಮಗಳನ್ನು ಕರೆದೆ.

‘ಆ ಡಬ್ಬಿ ತಾ, ದೇವರ ಬಟ್ಟಲಲ್ಲಿ ಉಳಿದ ಎರಡನ್ನೂ ತಾ. ನನ್ನ ಎದುರಿನಲ್ಲೇ ಕಕ್ಕಸಿಗೆ ಸುರಿ.’

‘ಮಾಮಿ, ಅದು ನನ್ನ ನಿದ್ರೆಯ ಮದ್ದು. ಅಲ್ಲಿ ಅಂಗಡಿಯಲ್ಲಿ ಬಿಲ್ ಕೊಟ್ಟು ಮಾರ್ತಾರೆ. ಕಾನೂನು ಉಂಟು.’

‘ಕಾನೂನು ಇದ್ದದ್ದನ್ನು ಮಕ್ಕಳ ಚಾಕಲೇಟಿನ ಒಳಗೆ ಯಾಕೆ ಅಡಗಿಸಿದ್ದು?’

ಅವಳು ಎಲ್ಲ ತಂದು ಸುರಿದಳು. ನೀರು ಬಿಟ್ಟರೆ ಆ ದರಿದ್ರ ಮಿಠಾಯಿ ತೇಲಿತು! ಮೂರು ಸಲ ನೀರು ಬಿಟ್ಟರೂ ಹಳದಿ ಹಳದಿಯಾಗಿ ಮೇಲೆ ಬಂದು ನಮ್ಮ ಮುಖ ನೋಡುತ್ತಿತ್ತು. ಕೊನೆಗೆ ಅಳಿಯ ಕೆಟಲಿನಲ್ಲಿ ನೀರು ಕುದಿಸಿ ತಂದು ಹೊಯ್ದ ಮೇಲೆ ಕರಗಿ ಹೋಯಿತು. ನಾಲ್ಕು ಜನ ದೊಡ್ಡವರು ಕಕ್ಕಸಿನ ಬಾಗಿಲಿನಲ್ಲಿ ನಿಂತು ಅದನ್ನೇ ನೋಡುತ್ತಿದ್ದೆವು. ಡಬ್ಬಿಯ ಮೇಲಿನ ಕಾಗದವನ್ನು ಅಳಿಯ ಉಗುರಿನಿಂದ ಕೆರೆದು ತೆಗೆದು, ಒಲೆಯ ಮೇಲೆ ಹಿಡಿದು ಸುಟ್ಟ.

ಆಮೇಲೆ ಅವಳು ನನ್ನ ಮಂಚದ ತುದಿಯಲ್ಲಿ ಕೂತು ಅತ್ತಳು. ಅತ್ತದ್ದು ನನಗಾಗಿ ಎಂದು ನಾನು ತಿಳಿದೆ.

‘ಮಾಮಿ, ಇದನ್ನು ಊರಿನಲ್ಲಿ ಯಾರ ಹತ್ರವೂ ಹೇಳ್ಬೇಡಿ. ವಾಟ್ಸಾಪಿನಲ್ಲೂ ಬೇಡ. ನನ್ನ ಸಿಟಿಜನ್‌ಶಿಪ್ಪಿನ ಅರ್ಜಿ ಇನ್ನೂ ಸರಕಾರದ ಆಫೀಸಿನಲ್ಲಿ ಉಂಟು. ಅದರಲ್ಲಿ ಕೇಳ್ತಾರೆ, ಇದನ್ನು ಎಂದಾದ್ರೂ ತಗೊಂಡದ್ದುಂಟಾ ಅಂತ. ಅರ್ಜಿ ನೋಡುವವರು ಫೆಡರಲಿನವರು. ಅವರಿಗೆ ಸ್ಟೇಟಿನ ಕಾನೂನು ಲೆಕ್ಕಕ್ಕಿಲ್ಲ.’

‘ನೀನು ಎಂತ ಬರೆದದ್ದು?’

‘ಇಲ್ಲ ಅಂತ.’

ಅಂಗಡಿಯಲ್ಲಿ ಸೋಫಾದ ಮೇಲೆ ಕೂತು ಕೊಳ್ಳುವುದು, ಅರ್ಜಿಯಲ್ಲಿ ಇಲ್ಲ ಎನ್ನುವುದು, ನಮ್ಮ ಊಟದ ಮೇಜಿನಲ್ಲಿ ಲೀಗಲ್ ಎನ್ನುವುದು, ಏರ್‌ಪೋರ್ಟಿನಲ್ಲಿ ಮಕ್ಕಳ ಮಿಠಾಯಿಯೊಳಗೆ ಹೂಳುವುದು. ಕಾನೂನು ಎರಡು ಇರಲಿ, ಹತ್ತು ಇರಲಿ, ಅದು ಅವರ ದೇಶದ ಹಣೆಬರಹ. ನಮ್ಮ ಮನೆಯಲ್ಲೂ ಒಲೆಗೆ ಒಂದು ಕಾನೂನು, ಬಚ್ಚಲಿಗೆ ಒಂದು. ಆದರೆ ಇವಳಿಗೆ ಎರಡರಲ್ಲಿ ಒಂದೂ ಇರಲಿಲ್ಲ. ಯಾವ ಕಡೆ ಹಿಡಿಯುವವರಿಲ್ಲವೋ ಆ ಕಡೆಯ ಕಾನೂನು ಅವಳದ್ದು.

‘ನಾನು ಹೇಳುದಿಲ್ಲ’ ಎಂದೆ. ‘ನಿನಗಾಗಿ ಅಲ್ಲ. ಅಳಿಯನ ಮನೆಯ ಹೆಸರು ಅದರಲ್ಲಿ ಬರ್ತದೆ, ಅದಕ್ಕೆ.’

ಶನಿವಾರ ಸಂಜೆ ಅವಳ ವಿಮಾನ. ಮಧ್ಯಾಹ್ನ ಊಟವಾದ ಮೇಲೆ ನಾನು ಮಗಳಿಗೆ ಹೇಳಿದೆ, ‘ಪೆಟ್ಟಿಗೆ ಬಿಚ್ಚಿ ನೋಡು.’

‘ಅಮ್ಮ, ಅಕ್ಕನ ಪೆಟ್ಟಿಗೆ. ಹೇಗೆ ಬಿಚ್ಚುದು?’

‘ಬೀಗ ತೆಗೆದು ಬಿಚ್ಚುದು.’

ಅತಿಥಿಯ ಪೆಟ್ಟಿಗೆಗೆ ಕೈ ಹಾಕುವ ಮನೆತನ ನಮ್ಮದಲ್ಲ. ಆದರೂ ಮಗಳು ಬೀಗ ತೆಗೆದಳು. ನಾದಿನಿಯ ಮಗಳು ‘ಇಷ್ಟೂ ನಂಬಿಕೆ ಇಲ್ವಾ ನಿಮಗೆ?’ ಎಂದು ಗೋಡೆಗೆ ಒರಗಿ ನಿಂತಳು. ಸೀರೆ, ಬಾದಾಮಿ, ಸೋಪು. ಕೆಳಗೆ ಮಂಡಿಗೆ ಹಾಕುವ ಎರಡು ಬಿಗಿಪಟ್ಟಿ, ಒಂದರೊಳಗೊಂದು ಸುರುಳಿ ಸುತ್ತಿದ್ದು. ಮಗಳು ಅದನ್ನು ಬಿಡಿಸಿದಳು. ಒಳಗಿನಿಂದ ಇನ್ನೊಂದು ಸಣ್ಣ ಪೊಟ್ಟಣ ಬಿತ್ತು. ಅದರ ಮೇಲೂ ಅದೇ ಮಾವಿನ ಹಣ್ಣು.

ಮಗಳು ಬಿದ್ದದ್ದನ್ನು ಮುಟ್ಟಲಿಲ್ಲ. ಹಿಂದಿನ ದಿನ ನಾನು ನೆಲದ ಮೇಲೆ ಬಿದ್ದದ್ದನ್ನು ನೋಡಿಯೂ, ಅಳಿಯ ಬಾಗಿಲಿನಲ್ಲಿ ನಿಂತದ್ದನ್ನು ನೋಡಿಯೂ, ಇನ್ನೊಂದು ಉಂಟು ಎಂದು ನಾದಿನಿಯ ಮಗಳು ಬಾಯಿ ಬಿಟ್ಟಿರಲಿಲ್ಲ. ಆ ರಾತ್ರಿಯಿಡೀ ಅದು ನಮ್ಮ ಮನೆಯಲ್ಲೇ ಇತ್ತು.

‘ಅದು ಅಮ್ಮನಿಗೆ’ ಎಂದಳು, ಯಾರ ಮುಖವನ್ನೂ ನೋಡದೆ. ‘ಅಮ್ಮನ ಮಂಡಿನೋವಿಗೆ. ನಡೆಯಲಿಕ್ಕೇ ಆಗುದಿಲ್ಲ ಅವರಿಗೆ. ಸ್ವಲ್ಪ ಸ್ವಲ್ಪ ಕೊಡುವಾ ಅಂತ.’

ಅವಳ ಅಮ್ಮ ಎಂದರೆ ನನ್ನ ನಾದಿನಿ. ಎಂಬತ್ತರ ಹತ್ತಿರ. ನೋವು ಸುಳ್ಳಲ್ಲ, ಫೋನಿನಲ್ಲಿ ನನ್ನ ಹತ್ತಿರವೂ ಅಳುತ್ತಾಳೆ. ಮಗಳಾದವಳು ಅಷ್ಟು ದೂರದಿಂದ ಮದ್ದು ಎಂದು ತಂದದ್ದೂ ಸುಳ್ಳಲ್ಲದಿರಬಹುದು. ಒಂದು ಕ್ಷಣ ನನ್ನ ಮನಸ್ಸು ಮೆತ್ತಗಾಯಿತು. ಆಮೇಲೆ ಕೇಳಿದೆ:

‘ಅವಳಿಗೆ ಎಂತ ಅಂತ ಹೇಳಿ ಕೊಡುವವಳಿದ್ದೆ?’

ಅವಳು ಬಗ್ಗಿ ಬಿಗಿಪಟ್ಟಿಯನ್ನು ಮತ್ತೆ ಸುರುಳಿ ಸುತ್ತತೊಡಗಿದಳು.

‘ಮಿಠಾಯಿ ಅಂತಲಾ?’

ಅಳಿಯ ಪೊಟ್ಟಣ ಎತ್ತಿಕೊಂಡು ಹೋಗಿ ಕೆಟಲು ಇಟ್ಟ. ಈ ಸಲ ನಾವು ಯಾರೂ ನೋಡಲು ಹೋಗಲಿಲ್ಲ. ನೀರು ಬಿಟ್ಟ ಸದ್ದು ಎರಡು ಸಲ ಕೇಳಿತು. ಬಂದು ಕೈ ಒರೆಸಿಕೊಂಡು, ಅವಳ ಪೆಟ್ಟಿಗೆಯ ಪ್ರತಿಯೊಂದು ಖಾನೆಗೂ ತಾನೇ ಕೈ ಹಾಕಿ ನೋಡಿದ. ಬೂಟಿನೊಳಗೆ ನೋಡಿದ. ಮೊನ್ನೆ ಅಕ್ಕ ಅಕ್ಕ ಎಂದವನು ಈಗ ‘ಹ್ಯಾಂಡ್‌ಬ್ಯಾಗ್ ಕೊಡಿ’ ಎಂದಷ್ಟೇ ಹೇಳಿದ. ಅವಳು ಕೊಟ್ಟಳು.

ಅವಳನ್ನು ಟ್ಯಾಕ್ಸಿಯಲ್ಲಿ ಕಳಿಸುವಾ, ನೀನು ಹೋಗ್ಬೇಡ ಎಂದು ನಾನು ಅವನಿಗೆ ಹೇಳಿದೆ. ಅವನು ಕೇಳಲಿಲ್ಲ. ‘ಏರ್‌ಪೋರ್ಟಿನ ಬಾಗಿಲು ದಾಟಿ ಒಳಗೆ ಹೋಗಿದ್ದನ್ನ ಕಣ್ಣಾರೆ ನೋಡಿದ್ರೇನೇ ನನಗೆ ನಿದ್ದೆ ಬರೋದು ಅತ್ತೆ’ ಎಂದ.

ಹೊರಡುವ ಮುಂಚೆ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಬೇಸಿಗೆ ರಜೆಯಿಡೀ ಇರುತ್ತಿದ್ದವಳು, ನಾನೇ ತಲೆ ಬಾಚಿ ಜಡೆ ಹಾಕಿದವಳು. ಕೈ ತಲೆಯ ಮೇಲೆ ಇಡಲು ಹೋಯಿತು, ಇಡಲಿಲ್ಲ. ಮನೆ ಬಿಟ್ಟು ಹೋಗುವವರಿಗೆ ಹೋಗಿ ಬಾ ಎನ್ನಬೇಕು. ಶತ್ರುವಿಗಾದರೂ ಬಾ ಎನ್ನುವ ಮಾತು ಸೇರಿಸಿಯೇ ಕಳಿಸುವುದು.

‘ಹೋಗು’ ಎಂದೆ.

ಅವಳು ತಲೆ ಎತ್ತಿ ನೋಡಿದಳು, ಇನ್ನೊಂದು ಮಾತಿಗೆ ಕಾದಳು. ಅಳಿಯ ಪೆಟ್ಟಿಗೆ ಎತ್ತಿಕೊಂಡ, ಲಿಫ್ಟಿನ ಬಾಗಿಲು ಮುಚ್ಚಿತು.

ಮಗಳು ನನ್ನ ಹಿಂದೆ ನಿಂತಿದ್ದಳು. ‘ಅಮ್ಮ, ಬಾ ಅನ್ಲಿಲ್ಲ ನೀನು.’

‘ಇಲ್ಲ.’

‘ಮಂಗಳೂರಿನ ಅತ್ತೆಗೆ ಗೊತ್ತಾದ್ರೆ ಬೇಜಾರು ಮಾಡ್ತಾರೆ.’

‘ಮಾಡ್ಲಿ’ ಎಂದೆ. ‘ಅವಳು ಬೇಜಾರು ಮಾಡಿದ್ರೆ ಫೋನು ಮಾಡುದಿಲ್ಲ, ಅಷ್ಟೆ. ನಿನ್ನ ಗಂಡನನ್ನು ಹಿಡ್ಕೊಂಡು ಹೋದ್ರೆ ಯಾರಿಗೆ ಫೋನು ಮಾಡುದು ನೀನು?’

ಮಗಳು ಬಾಗಿಲು ಹಾಕಿದಳು. ನಾವಿಬ್ಬರೂ ಅಳಿಯ ಮರಳಿ ಬರುವ ತನಕ ಸೋಫಾದ ಮೇಲೆ ಕೂತಿದ್ದೆವು, ಟಿವಿ ಕೂಡ ಹಾಕದೆ.